ಸಾಲ ಮಾಡದವನ ಪತ್ತು

ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿಕರ ಪತ್ತಿನ ಸಹಕಾರಿ ಸಂಘ ಸ್ಥಾಪಿತವಾದಾಗ, ಸಾಲ ಬೇಡಿ ಬಂದವನ ಅರ್ಹತೆಯನ್ನು ಅಳೆಯುವುದಕ್ಕೆ ಹೊರಗಿನ ಯಾವ ದಫ್ತರವೂ ಬೇಕಾಗಿರಲಿಲ್ಲ. ಹಳೆಯ ಬಾಕಿ ಸುಗ್ಗಿಯಲ್ಲಿ ತೀರಿತೆ ಇಲ್ಲವೆ, ಆತನ ಮಾತು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದು ಎಂಬುದನ್ನು ನೆರೆಹೊರೆಯವರಾದ ಸದಸ್ಯರೇ ಬಲ್ಲವರಾಗಿದ್ದರು. ಗ್ರಾಮಸಂಘಗಳಲ್ಲಿ ಸದಸ್ಯರ ಹೊಣೆಯು ಸಾಮಾನ್ಯವಾಗಿ ಅಪರಿಮಿತವಾಗಿರಬೇಕೆಂದು 1904ರ ಕಾಯಿದೆ ವಿಧಿಸಿದ್ದುದರಿಂದ, ಒಬ್ಬನು ತಪ್ಪಿದರೆ ಉಳಿದವರೆಲ್ಲ ತೆರಬೇಕಾದೀತೆಂಬ ಭಯವು ಆ ಅರಿವನ್ನು ಇನ್ನಷ್ಟು ಚುರುಕುಗೊಳಿಸುತ್ತಿದ್ದಿರಬೇಕು.

ಇಂದು ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕುವ ಹುಬ್ಬಳ್ಳಿಯ ಅಧ್ಯಾಪಕನನ್ನಾಗಲಿ, ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯನ್ನಾಗಲಿ ಮುಖತಃ ಬಲ್ಲವರು ಬ್ಯಾಂಕಿನಲ್ಲಿ ಇರುವುದು ಅಪರೂಪ. 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ತನ್ನ ಸೆಂಟ್ರಲ್‌ಕಾರ್ಡನ್ನು ಹೊರತಂದ ದಿನಗಳಲ್ಲಿ ಶಾಖೆಯ ಮ್ಯಾನೇಜರರ ಪರಿಚಯಕ್ಕೆ ಒಂದು ಬೆಲೆಯಿದ್ದಿರಬಹುದು. ಈಗ ಆ ನೆರೆಯವರ ಸ್ಥಾನದಲ್ಲಿ ಕುಳಿತಿರುವುದು ನಾಲ್ಕು ಸಂಸ್ಥೆಗಳು. 2000ದಲ್ಲಿ ಹುಟ್ಟಿ, ಅನಂತರ ಟ್ರಾನ್ಸ್‌ಯೂನಿಯನ್ ಎಂಬ ಹೆಸರನ್ನೂ ಕೂಡಿಸಿಕೊಂಡ ಸಿಬಿಲ್ ಜನಕ್ಕೆ ಹೆಚ್ಚು ಪರಿಚಿತವಾದುದು. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಉಳಿದ ಮೂರು. 2005ರ ಕಾಯಿದೆಯೊಂದರ ಅಧೀನದಲ್ಲಿ, ನಮ್ಮ ಪ್ರತಿಯೊಂದು ಸಾಲದ, ಪ್ರತಿಯೊಂದು ಕಂತಿನ ವೃತ್ತಾಂತವನ್ನೂ ಬ್ಯಾಂಕುಗಳಿಂದ ಪಡೆದು ಸಂಗ್ರಹಿಸಿ, 300ರಿಂದ 900ರವರೆಗಿನ ಒಂದು ಅಂಕದಲ್ಲಿ ಇವು ನಮ್ಮನ್ನು ತೂಗಿ ಇಡುತ್ತವೆ. 750ಕ್ಕೆ ಮೇಲಿದ್ದರೆ ಕಾರ್ಡು ಸುಲಭವೆಂಬುದು ರೂಢಿಯ ಮಾತೇ ಹೊರತು ನಿಯಮವಲ್ಲ. ಪ್ರತಿ ಬ್ಯಾಂಕಿಗೂ ಅದರದೇ ಆದ ಮಾನದಂಡವುಂಟು, ಅದನ್ನು ಅವು ಹೊರಗೆ ಹೇಳುವುದೂ ಇಲ್ಲ.

ಈ ವ್ಯವಸ್ಥೆಯಲ್ಲಿ ನನಗೆ ವಿಪರೀತವಾಗಿ ತೋರುವ ಸಂಗತಿಯೆಂದರೆ, ಆಯುಷ್ಯವಿಡೀ ಯಾರ ಬಳಿಯೂ ಕೈಚಾಚದೆ, ಬಂದ ಸಂಬಳದೊಳಗೇ ಸಂಸಾರವನ್ನು ತೂಗಿಸಿ, ಸೈಟು ಮನೆಗಳನ್ನೂ ಉಳಿತಾಯದಿಂದಲೇ ಮಾಡಿಕೊಂಡ ನಿವೃತ್ತ ಗೃಹಸ್ಥನು ಈ ದಫ್ತರಗಳ ಪಾಲಿಗೆ ಅಪರಿಚಿತನಾಗಿ ಉಳಿಯುವುದು. ಸಾಲವನ್ನೇ ಮಾಡದವನು ಸಾಲವನ್ನು ಹಿಂತಿರುಗಿಸಿದ ದಾಖಲೆ ಎಲ್ಲಿಂದ ತಂದಾನು? ಇತಿಹಾಸವಿಲ್ಲವೆಂಬ ಒಂದೇ ಕಾರಣದಿಂದ ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ತಳ್ಳಿಹಾಕಬಾರದೆಂದು ರಿಸರ್ವ್ ಬ್ಯಾಂಕು ಸಲಹೆ ಮಾಡಿರುವುದು ನ್ಯಾಯವೇ ಸರಿ. ಆದರೆ ಸಲಹೆಯು ಕೌಂಟರಿನವರೆಗೆ ಇಳಿದು ಬರುವುದಕ್ಕೆ ಕಾಲ ಹಿಡಿಯುತ್ತದೆ. ಅಷ್ಟರವರೆಗೆ ಇಂಥವರಿಗೂ, ಆಗ ತಾನೆ ದುಡಿಮೆಗೆ ತೊಡಗಿದ ತರುಣರಿಗೂ ನೇರವಾದ ದಾರಿ ಠೇವಣಿಯ ಮೇಲಿನ ಕಾರ್ಡು. ಹತ್ತಿಪ್ಪತ್ತು ಸಾವಿರ ರೂಪಾಯಿಯ ಎಫ್‌ಡಿಯೊಂದನ್ನು ಒತ್ತೆಯಿಟ್ಟರೆ ಅದಕ್ಕಿಂತ ತುಸು ಕಡಮೆಯ ಮಿತಿಯ ಕಾರ್ಡನ್ನು ಅನೇಕ ಬ್ಯಾಂಕುಗಳು ವಿಶೇಷ ವಿಚಾರಣೆಯಿಲ್ಲದೆ ಕೊಡುತ್ತವೆ. ಠೇವಣಿಯ ಬಡ್ಡಿ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಆ ಕಾರ್ಡಿನಿಂದ ಹಾಲು, ದಿನಸಿ, ವಿದ್ಯುತ್ತಿನ ಬಿಲ್ಲುಗಳನ್ನಷ್ಟೇ ತೆತ್ತು, ಪ್ರತಿ ತಿಂಗಳೂ ಗಡುವಿನೊಳಗೆ ಪೂರ್ಣವಾಗಿ ತೀರಿಸುತ್ತ ಬಂದರೆ, ವರ್ಷ ಕಳೆಯುವಷ್ಟರಲ್ಲಿ ದಫ್ತರದಲ್ಲಿ ಆತನಿಗೊಂದು ಹೆಸರು ಮೂಡಿರುತ್ತದೆ.

ಸಾಲದ ಇತಿಹಾಸವುಳ್ಳವರಾದರೋ ಅರ್ಜಿಗೆ ಮುನ್ನ ತಮ್ಮ ವರದಿಯನ್ನು ತಾವೇ ಓದತಕ್ಕದ್ದು. ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ನಾವೇ ನೋಡಿಕೊಳ್ಳುವುದರಿಂದ ಅಂಕವೇನೂ ಇಳಿಯದು. ಎಂದೋ ತೀರಿದ ಬೈಕಿನ ಸಾಲ ಇನ್ನೂ ಜೀವಂತವಾಗಿರುವುದು, ಅದೇ ಹೆಸರಿನ ಇನ್ನೊಬ್ಬರ ಬಾಕಿ ನಮ್ಮ ಪಾನ್ ಸಂಖ್ಯೆಗೆ ಅಂಟಿಕೊಂಡಿರುವುದು ಅಸಂಭವವಲ್ಲ. ಅಂಥ ದೋಷವನ್ನು ತಿದ್ದುವಂತೆ ದೂರು ಕೊಟ್ಟ ಮೂವತ್ತು ದಿನಗಳೊಳಗೆ ಪರಿಹಾರ ದೊರೆಯದಿದ್ದರೆ, ಅಲ್ಲಿಂದ ಮುಂದೆ ದಿನವೊಂದಕ್ಕೆ 100 ರೂಪಾಯಿಯಂತೆ ದೂರುದಾರನಿಗೆ ಸಲ್ಲಬೇಕು. ಹಳೆಯ ಬಾಕಿಯನ್ನು ಚೌಕಾಸಿಯಿಂದ ಅರ್ಧಕ್ಕೆ ಬಗೆಹರಿಸಿಕೊಂಡವರು ಅದು ಮುಗಿಯಿತೆಂದು ನೆಮ್ಮದಿಯಿಂದಿರುತ್ತಾರೆ. ವರದಿಯಲ್ಲಿ ಮಾತ್ರ ಅದು ‘ಕ್ಲೋಸ್ಡ್’ ಎನ್ನಿಸಿಕೊಳ್ಳದೆ ‘ಸೆಟಲ್ಡ್’ ಎಂದೇ ಉಳಿದು, ಪೂರ್ತಿ ತೆತ್ತವನಲ್ಲವೆಂಬ ಸಾಕ್ಷ್ಯವನ್ನು ಎಷ್ಟೋ ಕಾಲ ನುಡಿಯುತ್ತಿರುತ್ತದೆ.

ಮಾಲುಗಳ ಬಾಗಿಲಲ್ಲಿಯೂ ಪೆಟ್ರೋಲ್ ಬಂಕುಗಳಲ್ಲಿಯೂ ‘ಲೈಫ್‌ಟೈಮ್ ಫ್ರೀ ಸರ್’ ಎಂದು ಅಡ್ಡಗಟ್ಟುವ ಹುಡುಗರ ಮೇಲೆ ನನಗೆ ಕೋಪವಿಲ್ಲ. ಅವರಿಗೂ ತಿಂಗಳ ಟಾರ್ಗೆಟ್ಟಿನ ಕಾಟ. ಆದರೆ ಅವರ ಮಾತಿಗೆ ಮನಸೋತು ಒಂದೇ ವಾರದಲ್ಲಿ ನಾಲ್ಕು ಕಡೆ ಸಹಿ ಹಾಕಿದವನು ತನ್ನ ಅರ್ಜಿಯನ್ನು ತಾನೇ ದುರ್ಬಲಗೊಳಿಸುತ್ತಾನೆ; ಒಂದೊಂದು ಅರ್ಜಿಗೂ ಬ್ಯಾಂಕು ವರದಿಯನ್ನು ತರಿಸುವುದು, ತರಿಸಿದ್ದು ವರದಿಯಲ್ಲೇ ದಾಖಲಾಗುವುದು, ಐದನೆಯ ಬ್ಯಾಂಕು ಅದನ್ನು ಕಂಡು ಈತನಿಗೆ ಹಣದ ಮುಗ್ಗಟ್ಟೆಂದು ಬಗೆಯುವುದು. ಇರುವ ಕಾರ್ಡಿನ ಮಿತಿಯನ್ನು ತಿಂಗಳು ತಿಂಗಳೂ ಅಂಚಿನವರೆಗೆ ಬಳಸುವುದಕ್ಕೂ ಇದೇ ಅರ್ಥ ಹುಟ್ಟುತ್ತದೆ. ಮಿತಿಯ ನೂರಕ್ಕೆ ಮೂವತ್ತರೊಳಗೆ ನಿಲ್ಲುವುದು ಲೇಸೆಂದು ಬಲ್ಲವರ ಅಭಿಪ್ರಾಯ. ‘ಮಿನಿಮಮ್ ಡ್ಯೂ’ ಮಾತ್ರ ತೆತ್ತು ಮುಂದಕ್ಕೆ ತಳ್ಳುವವನಿಗೆ, ತಿಂಗಳಿಗೆ ಮೂರು ಮೂರೂವರೆಯಂತೆ ಬೆಳೆಯುವ ಬಡ್ಡಿ ವರ್ಷಕ್ಕೆ ನಲವತ್ತರ ಸುತ್ತ ಮುಟ್ಟುತ್ತದೆಂಬುದು ಹೊಳೆಯುವುದು ತಡವಾಗಿ.

ಅರ್ಜಿಯ ಕಾಗದಪತ್ರಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಪಾನ್, ಆಧಾರ್, ಬ್ಯಾಂಕ್ ಖಾತೆಗಳಲ್ಲಿ ಹೆಸರಿನ ಇನಿಷಿಯಲ್ ಒಂದೇ ಬಗೆಯಾಗಿರಲಿ, ವರಮಾನವನ್ನು ಉಬ್ಬಿಸಿ ಬರೆಯದಿರಲಿ, ಸಂಬಳ ಜಮೆಯಾಗುವ ಬ್ಯಾಂಕನ್ನೇ ಮೊದಲು ಕೇಳಲಿ. ಇಷ್ಟಾಗಿಯೂ ನಿರಾಕರಣೆ ಬಂದರೆ, ಅದರ ನಿರ್ದಿಷ್ಟ ಕಾರಣವನ್ನು ಲಿಖಿತವಾಗಿ ತಿಳಿಸತಕ್ಕದ್ದೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಬ್ಯಾಂಕುಗಳಿಗೆ ವಿಧಿಸಿದೆ. ‘ಆಂತರಿಕ ನೀತಿ’ ಎಂಬ ಎರಡು ಪದಗಳ ಉತ್ತರಕ್ಕೆ ತೃಪ್ತನಾಗದೆ ಆ ಕಾರಣವನ್ನು ಕೇಳಿ ಪಡೆಯಬೇಕು. ಅಂಕದ ಕೊರತೆಯೋ, ವಿಳಾಸದ ತೊಡಕೋ, ಉದ್ಯೋಗಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲವೆಂಬುದೋ, ಅದು ಯಾವುದೆಂದು ತಿಳಿದ ಮೇಲೆ ಅದೊಂದನ್ನು ಸರಿಪಡಿಸಿಕೊಂಡು, ಆರು ತಿಂಗಳು ಸುಮ್ಮನಿದ್ದು, ಮತ್ತೆ ಒಂದೇ ಒಂದು ಕಡೆ ಅರ್ಜಿ ಸಲ್ಲಿಸಬಹುದು.