ಔಷಧ ಬಂದಿದೆ, ಆಸ್ಪತ್ರೆ ದೂರವಿದೆ

ಎಚ್‌ಐವಿ ಸೋಂಕಿತರನ್ನು ಕಾಡುವ ಕ್ಯಾನ್ಸರ್‌ಗಳಲ್ಲಿ ಲಿಂಫೋಮಾ ಪ್ರಮುಖವಾದುದು. ರೋಗನಿರೋಧಕ ವ್ಯವಸ್ಥೆಯ ಭಾಗವೇ ಆದ ಬಿ ಜೀವಕೋಶಗಳು ಹತೋಟಿ ಮೀರಿ ಬೆಳೆಯುವುದೇ ಬಹುಪಾಲು ಪ್ರಕರಣಗಳಲ್ಲಿ ಇದರ ಮೂಲ. ಆ ಕೋಶಗಳನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯ ಔಷಧ ರಿಟುಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ 1997ರಲ್ಲಿ ಅನುಮತಿ ದೊರೆಯಿತು. ಹೈದರಾಬಾದಿನ ಡಾ. ರೆಡ್ಡೀಸ್ ಸಂಸ್ಥೆ 2007ರಲ್ಲಿ ಅದರ ದೇಶೀಯ ರೂಪವನ್ನು ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದಿತು.

ಇದನ್ನು ಕಿಮೊಥೆರಪಿಯೊಡನೆ ಎಚ್‌ಐವಿ ಸೋಂಕಿತರಿಗೆ ಕೊಡಬಹುದೇ ಎಂಬ ಪ್ರಶ್ನೆ ಮಾತ್ರ ಸುಲಭವಾಗಿ ಇತ್ಯರ್ಥವಾಗಲಿಲ್ಲ. 2005ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಪ್ರತಿಕಾಯವನ್ನೂ ಪಡೆದವರ ಪೈಕಿ ಶೇ 14ರಷ್ಟು ಮಂದಿ ಸೋಂಕಿನಿಂದ ಮೃತಪಟ್ಟರು. ಕಿಮೊಥೆರಪಿ ಮಾತ್ರ ಪಡೆದವರಲ್ಲಿ ಈ ಪ್ರಮಾಣ ಶೇ 2. ಸಿಡಿ4 ಎಣಿಕೆ 50ಕ್ಕಿಂತ ಕೆಳಗಿದ್ದವರಿಗೇ ಅಪಾಯ ಹೆಚ್ಚು. ಆದರೆ 19 ಪ್ರಯೋಗಗಳ 1,546 ರೋಗಿಗಳ ಮಾಹಿತಿಯನ್ನು 2013ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಪ್ರತಿಕಾಯ ಪಡೆದವರೇ ಹೆಚ್ಚು ಕಾಲ ಬದುಕಿದ್ದು ಕಂಡುಬಂತು. ಅಂದರೆ ಜೋಡಿ ಚಿಕಿತ್ಸೆ ಸರಿ. ಸೋಂಕಿನ ಮೇಲೆ ಕಣ್ಣಿಡುವುದು ಅದರ ಷರತ್ತು.

ಮುರ್ಡೇಶ್ವರದ ಮೀನುಗಾರ ಕುಟುಂಬಕ್ಕೆ ದುಬಾರಿಯಾಗುವುದು ಈ ಷರತ್ತೇ. ಚಿಕಿತ್ಸೆ ಸಾಮಾನ್ಯವಾಗಿ 21 ದಿನಗಳಿಗೊಮ್ಮೆ, ಆರು ಸುತ್ತು. ದಕ್ಷಿಣಕ್ಕೆ ಮಣಿಪಾಲ, ಉತ್ತರಕ್ಕೆ ಜಿಲ್ಲಾ ಕೇಂದ್ರ ಕಾರವಾರ, ಎರಡೂ 100 ಕಿ.ಮೀ. ಆಸುಪಾಸು; ಕಿದ್ವಾಯಿ ಸಂಸ್ಥೆಯಿರುವ ಬೆಂಗಳೂರಂತೂ ಒಂದು ರಾತ್ರಿಯ ಪ್ರಯಾಣ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಆಸ್ಪತ್ರೆಯ ವೆಚ್ಚವನ್ನು ಹಗುರಗೊಳಿಸಿದೆ ನಿಜ. ಜೊತೆಗೆ ಹೋದವನು ಕಳೆದುಕೊಂಡ ದುಡಿಮೆಯನ್ನು ಯಾರೂ ತುಂಬಿಕೊಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಿಳಿ ರಕ್ತಕಣ ಕುಸಿದು ಜ್ವರ ಬರುವುದು ಸುತ್ತುಗಳ ನಡುವೆ, ರೋಗಿ ಮನೆಯಲ್ಲಿರುವಾಗ. ಆಗ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಅಪಘಾತಕ್ಕೀಡಾದದ್ದನ್ನು ಕರಾವಳಿ ಮರೆತಿಲ್ಲ.

ಪ್ರತಿ ತಾಲ್ಲೂಕಿಗೂ ಕ್ಯಾನ್ಸರ್ ಆಸ್ಪತ್ರೆ ಕೇಳುವುದು ವಿವೇಕವಲ್ಲ. ಔಷಧವನ್ನು, ವಿಶೇಷವಾಗಿ ಅಲರ್ಜಿಯ ಭಯವಿರುವ ಮೊದಲ ಡೋಸನ್ನು, ದೊಡ್ಡ ಆಸ್ಪತ್ರೆಯೇ ಕೊಡಲಿ. ಹೆಪಟೈಟಿಸ್ ಬಿ ಪರೀಕ್ಷೆಯೂ ಅದಕ್ಕೆ ಮೊದಲೇ ಆಗಲಿ. ಆದರೆ ನಡುವಿನ ರಕ್ತಪರೀಕ್ಷೆ, ಎಆರ್‌ಟಿ ಮಾತ್ರೆಯ ನಿಗಾ, ಜ್ವರ ಬಂದೊಡನೆ ಆಂಟಿಬಯೋಟಿಕ್ ಚುಚ್ಚುಮದ್ದು ಇವು ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕು ಆಸ್ಪತ್ರೆಗಳಲ್ಲೇ ದೊರೆಯಬೇಕು. ರೋಗಿಯ ಗುಟ್ಟು ಕಾಯುವ ಹೊಣೆಯನ್ನು 2017ರ ಎಚ್‌ಐವಿ ಕಾಯ್ದೆಯೇ ವಿಧಿಸಿದೆ. ಅದನ್ನು ಪಾಲಿಸುವ ಸಿಬ್ಬಂದಿ ಇರಬೇಕು. ಇದಕ್ಕೆ ಬೇಕಿರುವುದು ಹೊಸ ಕಟ್ಟಡವಲ್ಲ, ತರಬೇತಿ ಮತ್ತು ಒಂದು ಸ್ಪಷ್ಟ ಆದೇಶ. ದುಬಾರಿ ಔಷಧಕ್ಕೆ ಹಣ ಕೊಡುವ ಸರ್ಕಾರ, ಅದು ಫಲಿಸಲು ಬೇಕಾದ ಈ ಅಲ್ಪ ವೆಚ್ಚಕ್ಕೆ ಹಿಂಜರಿಯುವುದು ಯಾವ ಅರ್ಥಶಾಸ್ತ್ರಕ್ಕೂ ಒಪ್ಪುವಂಥದಲ್ಲ.