ಪರರ ಮಕ್ಕಳಿಗಾಗಿ ಬಂದವರು

ಕೋಟದಿಂದ ಉಡುಪಿಗೆ ಹೋಗುವ ದಾರಿಯಲ್ಲಿ ಎರಡು ಹೊಳೆಗಳು ಅಡ್ಡವಾಗುತ್ತವೆ. ಮಾಬುಕಳದಲ್ಲಿ ಸೀತೆ, ಕಲ್ಯಾಣಪುರದಲ್ಲಿ ಸ್ವರ್ಣೆ. ಇಂದು ಹೆದ್ದಾರಿಯ ಸೇತುವೆಗಳ ಮೇಲೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಾವು ಇವನ್ನು ದಾಟಿಬಿಡುತ್ತೇವೆ. ನೂರು ವರ್ಷಗಳ ಹಿಂದೆ ಆಟಿಯ ಮಳೆಯಲ್ಲಿ ಇದೇ ದಾರಿಯನ್ನು ದಿನ ತುಂಬಿದ ಬಸುರಿಯೊಬ್ಬಳೊಡನೆ ಸಾಗುವುದೆಂದರೆ ಏನೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು. ಅಂದಿನ ಹೆರಿಗೆಗೆ ಸೂಲಗಿತ್ತಿಯ ಕೈಗುಣವೇ ವೈದ್ಯ, ಮನೆದೇವರ ಹರಕೆಯೇ ಔಷಧ. ಕೂಸು ಉಳಿದರೆ ಅದೃಷ್ಟ. ತಾಯಿಯೂ ಉಳಿದರೆ ಪುಣ್ಯ.

ಇಂತಹ ಕಾಲದಲ್ಲಿ, 1923ರ ಜೂನ್ ತಿಂಗಳಿನಲ್ಲಿ, ಡಾಕ್ಟರ್ ಈವಾ ಲೊಂಬಾರ್ಡ್ ಎಂಬ ಸ್ವಿಟ್ಜರ್ಲೆಂಡಿನ ವೈದ್ಯೆ ಉಡುಪಿಯಲ್ಲಿ ಒಂದು ಚಿಕ್ಕ ಆಸ್ಪತ್ರೆಯನ್ನು ತೆರೆದರು. ಹೆಂಗಸರ ಮತ್ತು ಮಕ್ಕಳ ಆರೈಕೆಯೇ ಅದರ ಮುಖ್ಯ ಗುರಿಯಾಗಿತ್ತು. ಇಂದಿಗೂ ಸುತ್ತಲಿನ ಊರುಗಳ ಜನರ ಬಾಯಲ್ಲಿ ಅದು ‘ಮಿಷನ್ ಆಸ್ಪತ್ರೆ’. ಅಲ್ಲಿ ಹುಟ್ಟಿ, ಈಗ ಮೊಮ್ಮಕ್ಕಳನ್ನು ಆಡಿಸುತ್ತಿರುವವರು ಈ ಕರಾವಳಿಯಲ್ಲಿ ಅನೇಕರಿದ್ದಾರೆ.

ಸಾವಿರಾರು ಹರದಾರಿಗಳಾಚೆಯಿಂದ ಬಂದು ಪರರ ಮಕ್ಕಳ ಸೇವೆಗೆ ನಿಂತ ಈ ಜನ ಯಾರು? ಅವರಿಗೆ ದಾರಿ ತೋರಿದವರು ಯಾರು? ಆ ಸೇವೆಗೆ ತೆತ್ತ ಬೆಲೆ ಎಷ್ಟು, ಅದನ್ನು ತೆತ್ತವರು ಯಾರು? ಇದನ್ನು ತಿಳಿಯಬೇಕಾದರೆ ಆಸ್ಪತ್ರೆಯ ಬಾಗಿಲಿನಿಂದ ತೊಂಬತ್ತು ವರ್ಷ ಹಿಂದಕ್ಕೆ ಸರಿಯಬೇಕು.

ಮೂವರು ಬಂದರು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಒಂದು ಪ್ರೊಟೆಸ್ಟೆಂಟ್ ಮಿಷನ್ ಸಂಸ್ಥೆ ಹುಟ್ಟಿಕೊಂಡಿತು. ಅದರಲ್ಲಿ ತರಬೇತು ಪಡೆದವರು ಬಹುಮಟ್ಟಿಗೆ ಜರ್ಮನಿಯ ವೂರ್ಟೆಂಬರ್ಗ್ ಸೀಮೆಯ ರೈತರ ಮತ್ತು ಕಸುಬುದಾರರ ಮಕ್ಕಳು. ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು 1833ರಲ್ಲಿ ಹೊಸದಾದಾಗ ಆಂಗ್ಲೇತರ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ ಸ್ಯಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಹಡಗು ಹತ್ತಿದರು. 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿಳಿದು, ಅದೇ ತಿಂಗಳ ಕೊನೆಗೆ ಮಂಗಳೂರನ್ನು ಸೇರಿದರು.

ಬೋಧಿಸಲೆಂದು ಬಂದವರು ಮೊದಲು ಕಲಿಯಲು ಕುಳಿತುಕೊಳ್ಳಬೇಕಾಯಿತು. ಮನೆಯಲ್ಲಿ ತುಳು, ಬಜಾರಿನಲ್ಲಿ ಕೊಂಕಣಿ, ಕಚೇರಿ ಮತ್ತು ಶಾಲೆಯಲ್ಲಿ ಕನ್ನಡ ನಡೆಯುವ ಊರು ಅದು. ಒಂದು ಭಾಷೆ ಬಂದರೆ ಒಂದು ಬಾಗಿಲು ಮಾತ್ರ ತೆರೆಯುತ್ತಿತ್ತು. ಬೋಧಿಸಲು ಬಂದವರ ಕೈಗೆ ಊರ ಪಂಡಿತರೇ ಅಕ್ಷರದ ಓಲೆಯನ್ನಿತ್ತರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಈ ಶಿಷ್ಯವೃತ್ತಿಯಲ್ಲಿ ಎಲ್ಲರನ್ನೂ ಮೀರಿಸಿದರು. 1843ರ ಜುಲೈ 1ರಂದು ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆಯೆಂಬುದು ಸರ್ವವಿದಿತ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಸುಮಾರು 70,000 ಪದಗಳ ನಿಘಂಟನ್ನು 1894ರಲ್ಲಿ ಕನ್ನಡದ ಉಡಿಗೆ ಹಾಕಿದರು. ಇವರಿಬ್ಬರ ಕೀರ್ತಿಯನ್ನು ಎಲ್ಲರೂ ಬಲ್ಲರು. ಅವರ ಜೊತೆಗಾರರ ಮನೆಯೊಳಗಣ ಕಥೆಯನ್ನು ಬಲ್ಲವರು ಕಡಮೆ.

ಬಾಸೆಲಿನ ಅಪ್ಪಣೆ

ಮಿಷನರಿಗಳು ದಿನವೂ ದೇವರ ಚಿತ್ತವನ್ನು ತಿಳಿಸೆಂದು ಪ್ರಾರ್ಥಿಸುತ್ತಿದ್ದರು. ಆದರೆ ಲೌಕಿಕ ವ್ಯವಹಾರದಲ್ಲಿ ಆ ಚಿತ್ತವು ಬಾಸೆಲಿನ ಸಮಿತಿಯ ಕಾಗದದ ರೂಪದಲ್ಲಿ ಬರುತ್ತಿತ್ತು. ಯಾವ ಊರಿನಲ್ಲಿ ನೆಲೆಸಬೇಕು, ಯಾವ ಶಾಲೆಯನ್ನು ನಡೆಸಬೇಕು, ಎಷ್ಟು ಖರ್ಚು ಮಾಡಬೇಕು ಎಂಬುದಿರಲಿ, ಮದುವೆಯಾಗಬೇಕೇ ಬೇಡವೇ ಎಂಬುದಕ್ಕೂ ಸಮಿತಿಯ ಒಪ್ಪಿಗೆ ಬೇಕಾಗಿತ್ತು. ಎಷ್ಟೋ ಮಂದಿ ವಧುಗಳು ತಾವು ಕಂಡರಿಯದ ವರನಿಗಾಗಿ ಕಡಲು ದಾಟಿ ಬಂದರು. ಹುಡುಗಿಯನ್ನು ಹಿರಿಯರು ನೋಡಿ ನಿಶ್ಚಯಿಸುವ ನಮ್ಮ ನಾಡಿನವರಿಗೆ ಇದು ಅಷ್ಟೇನೂ ವಿಚಿತ್ರವೆನಿಸಲಾರದು. ಇಲ್ಲಿ ಹಿರಿಯರ ಸ್ಥಾನದಲ್ಲಿ ಒಂದು ಸಮಿತಿ ಇತ್ತು, ಅಷ್ಟೆ.

ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚೆ ಒಂದು ಪ್ರಶ್ನೆ ಹೊರಟು ಅದರ ಉತ್ತರ ಮರಳಿ ಬರುವುದರೊಳಗೆ ತಿಂಗಳುಗಳೇ ಕಳೆಯುತ್ತಿದ್ದವು. ಮಗುವಿಗೆ ಜ್ವರವೆಂದು ಬರೆದ ಕಾಗದ ಅಲ್ಲಿಗೆ ತಲಪುವ ಹೊತ್ತಿಗೆ ಆ ಮಗು ಗುಣವಾಗಿ ಆಡುತ್ತಿರಬಹುದು, ಇಲ್ಲವೇ ಮಣ್ಣು ಸೇರಿರಬಹುದು.

ಮಕ್ಕಳ ಮನೆ

1850ರಲ್ಲಿ ಯೋಸೆನ್‌ಹಾನ್ಸ್ ಎಂಬವರು ಮಿಷನಿನ ಮುಖ್ಯಾಧಿಕಾರಿಯಾದರು. ಅವರ ಕಾಲದಲ್ಲಿ, 1853ರಲ್ಲಿ, ಕಠಿಣವಾದೊಂದು ನಿಯಮ ಜಾರಿಗೆ ಬಂದಿತು. ಭಾರತದಲ್ಲಿಯೂ ಆಫ್ರಿಕದಲ್ಲಿಯೂ ದುಡಿಯುವ ಮಿಷನರಿಗಳ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಯುರೋಪಿಗೆ ಮರಳಬೇಕು. ಅಲ್ಲಿ ಬಾಸೆಲಿನಲ್ಲಿ ಅವರಿಗಾಗಿಯೇ ಒಂದು ‘ಮಕ್ಕಳ ಮನೆ’ ಇರುವುದು.

ಕಾರಣಗಳಿಲ್ಲದೆ ಇರಲಿಲ್ಲ. ಈ ಹವೆಯಲ್ಲಿ ಬಿಳಿಯರ ಕೂಸುಗಳು ಬಾಳುವುದೇ ಅಪರೂಪವೆಂಬ ಭಯವಿತ್ತು. ಅವರ ವಿದ್ಯೆಗೆ ತಕ್ಕ ಶಾಲೆ ಇಲ್ಲಿ ಇರಲಿಲ್ಲ. ತಂದೆ ತಾಯಿಗಳ ಸಮಯವೆಲ್ಲ ಮಿಷನಿನ ಕೆಲಸಕ್ಕೇ ಸಲ್ಲಬೇಕೆಂಬ ಎಣಿಕೆಯೂ ಇತ್ತು. ಕಾರಣಗಳು ಏನೇ ಇರಲಿ, ಪರಿಣಾಮ ಒಂದೇ. ಬೆಳಿಗ್ಗೆ ಬೋರ್ಡಿಂಗ್ ಶಾಲೆಯಲ್ಲಿ ಊರ ಅನಾಥ ಮಕ್ಕಳ ತಲೆ ಬಾಚಿ ಅಕ್ಷರ ಕಲಿಸಿದ ತಾಯಿ, ತನ್ನ ಆರು ವರ್ಷದ ಮಗುವನ್ನು ಹಡಗಿಗೆ ಹತ್ತಿಸಿ ಬರಿಗೈಯಲ್ಲಿ ಮನೆಗೆ ಮರಳಬೇಕಾಗಿತ್ತು. ಮತ್ತೆ ಕಾಣುವಾಗ ಆ ಮಗುವಿಗೆ ಮೀಸೆ ಮೂಡಿರುತ್ತಿತ್ತು. ಕೆಲವರಿಗೆ ಕಾಣುವ ಭಾಗ್ಯವೂ ಇರಲಿಲ್ಲ.

ಈ ನಿಯಮಕ್ಕೆ ಮೊದಲೇ ಇಂತಹ ಅಗಲಿಕೆಗಳು ನಡೆದಿದ್ದವು. ಮಲಯಾಳದ ನಿಘಂಟುಕಾರರಾದ ಹರ್ಮನ್ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದಳು. ಇನ್ನೂ ಎಳೆಯ ಮಗುವಾಗಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆ ತಾಯಿ ಭಾರತಕ್ಕೆ ಹಿಂತಿರುಗಿದರು. 1857ರಲ್ಲಿ ಅವಳು ಹೆತ್ತವರ ಬಳಿಗೆ ಮರಳಿದಾಗ ಪ್ರಾಯಕ್ಕೆ ಬಂದಿದ್ದಳು. ಅವಳ ಬಾಲ್ಯವು ಅವಳ ತಾಯಿಗೆ ಕಾಗದಗಳ ಮೂಲಕ ಓದಿದ ಕಥೆಯಾಗಿ ಉಳಿಯಿತು. ಇದೇ ಮರೀ ಮುಂದೆ, ಭಾರತದಲ್ಲಿ ಕೆಲಕಾಲ ಮಿಷನರಿಯಾಗಿದ್ದ ಯೊಹಾನ್ನೆಸ್ ಹೆಸ್ಸೆಯವರನ್ನು ವರಿಸಿದಳು. ಅವರ ಮಗನೇ 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದ, ‘ಸಿದ್ಧಾರ್ಥ’ ಕಾದಂಬರಿಯ ಕರ್ತೃ ಹರ್ಮನ್ ಹೆಸ್ಸೆ.

ಈ ದಡದ ತಾಯಂದಿರು

ಆದರೆ ಅಗಲಿಕೆಯ ದುಃಖ ಮಿಷನರಿಗಳ ಮನೆಗೆ ಮಾತ್ರ ಮೀಸಲಾಗಿತ್ತೆಂದು ಹೇಳಿದರೆ ಅರ್ಧ ಸತ್ಯವಾದೀತು. 1844ರ ಜನವರಿಯಲ್ಲಿ ಮಂಗಳೂರಿನ ಮಿಷನ್ ಶಾಲೆಯ ಮೂವರು ಸಾರಸ್ವತ ಬ್ರಾಹ್ಮಣ ತರುಣರು ಕ್ರೈಸ್ತಮತವನ್ನು ಸ್ವೀಕರಿಸಿದರು. ಆನಂದರಾಯ ಕೌಂಡಿನ್ಯ ಅವರಲ್ಲಿ ಒಬ್ಬರು. ಊರಿನಲ್ಲಿ ಕೋಲಾಹಲವೆದ್ದಿತು. ಕೌಂಡಿನ್ಯರು 1846ರಲ್ಲಿ ಮೋಗ್ಲಿಂಗರೊಡನೆ ಬಾಸೆಲಿಗೆ ತೆರಳಿ, 1851ರಲ್ಲಿ ದೀಕ್ಷೆ ಪಡೆದು ಮರಳಿದರು. ಕೊಡಗಿನ ಆನಂದಪುರಕ್ಕೆ ಆ ಹೆಸರು ಬಂದದ್ದು ಅವರಿಂದಲೇ. ಮಿಷನಿಗೆ ಇದು ಪ್ರಾರ್ಥನೆಯ ಫಲ. ಮನೆಯ ಹಿರಿಯರಿಗೆ ಬದುಕಿರುವ ಮಗ ಕೈತಪ್ಪಿದ ಸಂಕಟ. ಒಂದೇ ಘಟನೆ ಎರಡು ಮನೆಗಳಲ್ಲಿ ಎರಡು ಹೆಸರು ಪಡೆಯಿತು.

ಬಡವರ ಪಾಡು ಬೇರೆ. ಮತಾಂತರ ಹೊಂದಿದವನಿಗೆ ಜಾತಿಯ ಜೊತೆಗೆ ಗೇಣಿಯ ಗದ್ದೆಯೂ, ಕುಲದ ಕಸುಬೂ ತಪ್ಪಿಹೋಗುತ್ತಿದ್ದವು. ಮಕ್ಕಳಿಗೆ ಅಕ್ಷರವನ್ನು ಕೊಟ್ಟು ತಂದೆಗೆ ಅನ್ನವಿಲ್ಲದಂತೆ ಮಾಡುವುದು ಯಾವ ಸೇವೆ? ಈ ಪ್ರಶ್ನೆಯೇ ಮಿಷನನ್ನು ನೇಯ್ಗೆಗೂ ಹಂಚಿನ ಉದ್ಯಮಕ್ಕೂ ತಳ್ಳಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಕರಾವಳಿಯ ಮುಳಿಹುಲ್ಲಿನ ಮಾಡುಗಳು ಕೆಂಪಾಗತೊಡಗಿದವು.

ಇತ್ತ ಮಿಷನಿನ ಮಾದರಿಯನ್ನು ಕಂಡು ನಮ್ಮವರೂ ಎಚ್ಚತ್ತರು. ಬ್ರಾಹ್ಮಸಮಾಜದ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರಕ್ಕಾಗಿ ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮಿಷನ್ ಎಂಬ ಮಾತನ್ನೇ ಎರವಲು ಪಡೆದು, ಮತಾಂತರದ ಮಾತಿಲ್ಲದೆ ಅಸ್ಪೃಶ್ಯರ ಮಕ್ಕಳಿಗೆ ಶಾಲೆ ತೆರೆದರು. ಸ್ವಂತ ಜಾತಿಯವರಿಂದ ಬಹಿಷ್ಕಾರವನ್ನುಂಡರೂ ಅವರು ಹಿಂಜರಿಯಲಿಲ್ಲ.

ಕೋಟದ ಲೇಖಕರ ಪ್ರಶ್ನೆ

ಈ ಇಡೀ ವ್ಯವಹಾರವನ್ನು ಯಾರ ಪಕ್ಷವನ್ನೂ ವಹಿಸದೆ ನೋಡಿದ ಕಣ್ಣು ಕೋಟದ್ದು. 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರು ‘ಚೋಮನ ದುಡಿ’ಯಲ್ಲಿ ಒಬ್ಬ ತಂದೆಯನ್ನು ಚಿತ್ರಿಸಿದರು. ಚೋಮನಿಗೆ ಬೇಕಾದುದು ಬೇಸಾಯಕ್ಕೊಂದು ತುಂಡು ಭೂಮಿ. ಹಿಂದೂ ಒಡೆಯ ಕೊಡುವಂತಿಲ್ಲ. ಮಗ ಗುರುವ ಕ್ರೈಸ್ತರನ್ನು ಸೇರಿಕೊಳ್ಳುತ್ತಾನೆ. ಮತ್ತೊಬ್ಬ ಮಗ ನೀರಿನಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆಯೆಂದು ಮೇಲ್ಜಾತಿಯವರು ದಡದಲ್ಲಿ ನಿಂತು ನೋಡುತ್ತಾರೆ. ಚೋಮನೂ ಒಮ್ಮೆ ಪಾದ್ರಿಯ ಕಡೆಗೆ ಹೆಜ್ಜೆ ಹಾಕುತ್ತಾನೆ. ಆದರೆ ತನ್ನ ದೈವವನ್ನು ತೊರೆಯಲಾರದೆ ಹಿಂತಿರುಗುತ್ತಾನೆ.

ಕಾರಂತರು ಅಲ್ಲಿ ಪಾದ್ರಿಯನ್ನು ಹಳಿಯಲಿಲ್ಲ, ಹೊಗಳಲಿಲ್ಲ. ದಡದಲ್ಲಿ ನಿಂತವರನ್ನು ನಮಗೆ ತೋರಿಸಿದರು. ಪರದೇಶದವರು ಬಂದು ನಮ್ಮ ಮಕ್ಕಳ ಕೈ ಹಿಡಿದರೆಂದು ಕೆರಳುವ ಮುನ್ನ, ನಾವು ಆ ಕೈಯನ್ನು ಏಕೆ ಹಿಡಿದಿರಲಿಲ್ಲವೆಂದು ಕೇಳಿಕೊಳ್ಳಬೇಡವೇ? ಸ್ವತಃ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಬರೆದರು, ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿದರು. ಅವರಿಗಿಂತ ಮೊದಲೇ ಪಂಜೆ ಮಂಗೇಶರಾಯರು ಬಾಸೆಲ್ ಮಿಷನ್ ಮುದ್ರಣಾಲಯದ ಪದ್ಯಪುಸ್ತಕಗಳ ಮೂಲಕ ಕನ್ನಡದ ಮಕ್ಕಳ ನಾಲಗೆಗೆ ಹಾಡನ್ನು ಕೊಟ್ಟಿದ್ದರು. ಮಿಷನಿನ ಅಚ್ಚಿನ ಮೊಳೆ, ನಮ್ಮವರ ಮಾತು: ಎರಡೂ ಕೂಡಿದಾಗ ಮಗುವಿಗೆ ದೊರೆತದ್ದು ನಲಿವು ಮಾತ್ರ.

ದಾರಿ ತೋರಿದವರು

1914ರ ಮಹಾಯುದ್ಧವು ಮಿಷನಿನ ಕೆಲಸವನ್ನು ಬುಡಮೇಲು ಮಾಡಿತು. ಬ್ರಿಟಿಷ್ ಸರಕಾರವು ಜರ್ಮನ್ ಪಾದ್ರಿಗಳನ್ನು ಸೆರೆಯಲ್ಲಿಟ್ಟು ಬಳಿಕ ನಾಡಿನಿಂದ ಕಳುಹಿಸಿಬಿಟ್ಟಿತು. ಕಾರ್ಖಾನೆಗಳು ಪರರ ಪಾಲಾದವು. ಎಂಬತ್ತು ವರ್ಷಗಳ ವೈಭವ ಇಳಿದ ಮೇಲೆ ಉಡುಪಿಗೆ ಬಂದ ಈವಾ ಲೊಂಬಾರ್ಡರ ಬಳಿ ಇದ್ದುದು ವೈದ್ಯವಿದ್ಯೆಯೊಂದೇ. ಉಡುಪಿಯಲ್ಲಿ ಮಿಷನಿನ ಠಾಣ್ಯ 1854ರಿಂದ ಇದ್ದಿತಾದರೂ, ಪಾದ್ರಿಯ ಪ್ರವೇಶಕ್ಕೆ ಎಡೆಯಿಲ್ಲದ ಒಳಮನೆಗಳು ಅನೇಕವಿದ್ದವು. ಪರಪುರುಷನಾದ ಡಾಕ್ಟರನ ಮುಂದೆ ಮುಖ ತೋರಲೊಲ್ಲದ ಗೃಹಿಣಿಯರಿಗೆ ಹೆಣ್ಣು ಡಾಕ್ಟರೊಬ್ಬರು ಬಂದುದು ದೊಡ್ಡ ಆಸರೆಯಾಯಿತು. ನೋವು ತಿನ್ನುತ್ತಿರುವ ತಾಯಿಯ ಹಾಸಿಗೆಯ ಬಳಿ ಜಾತಿ ಮತಗಳ ವಾದಕ್ಕೆ ಅವಕಾಶವೇ ಇಲ್ಲ.

ಬಾಸೆಲ್ ಮಿಷನಿನ ಚರಿತ್ರೆಯಲ್ಲಿ ನಾವು ಕಲಿಯಬೇಕಾದುದೂ ಇದೇ ಎಂದು ತೋರುತ್ತದೆ. ದೂರದ ಸಮಿತಿಯ ಅಪ್ಪಣೆಯಂತೆ ನಡೆದಾಗ ಅವರು ತಮ್ಮ ಮಕ್ಕಳನ್ನು ಹಡಗು ಹತ್ತಿಸಿದರು; ಇಲ್ಲಿನ ಮನೆಗಳಲ್ಲಿಯೂ ಕಣ್ಣೀರು ಹರಿಯಿತು. ಎದುರಿಗಿದ್ದವರಿಂದ ಕಲಿತಾಗ, ಪಂಡಿತನಿಂದ ಪದವನ್ನು, ಹೊಲವಿಲ್ಲದವನಿಂದ ಹಸಿವೆಯ ಅರ್ಥವನ್ನು, ಬಾಣಂತಿಯಿಂದ ನೋವಿನ ಭಾಷೆಯನ್ನು ಕಲಿತಾಗ, ಅವರು ಮಾಡಿದ ಕೆಲಸ ಈ ಮಣ್ಣಿನದೇ ಆಯಿತು. ನಿಘಂಟು ಉಳಿಯಿತು, ಹಂಚು ಉಳಿಯಿತು, ಆಸ್ಪತ್ರೆ ಉಳಿಯಿತು. ಇಲ್ಲಿಯ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರಿದ ಬಳಿಕ ಆಡಳಿತವೂ ಈ ನಾಡಿನವರ ಕೈಗೆ ಬಂದಿತು. 2023ರಲ್ಲಿ ಆ ಆಸ್ಪತ್ರೆಗೆ ನೂರು ವರ್ಷ ತುಂಬಿತು.

ಕೋಟ, ಕುಂದಾಪುರ, ಬೈಂದೂರುಗಳಿಂದ ಇಂದು ನಮ್ಮ ದಾದಿಯರೂ ವೈದ್ಯರೂ ಶಿಕ್ಷಕರೂ ಕಡಲಾಚೆಯ ನಾಡುಗಳಿಗೆ ದುಡಿಮೆಗಾಗಿ ಹೋಗುತ್ತಾರೆ. ತಮ್ಮ ಮಕ್ಕಳನ್ನು ಅಜ್ಜಿಯ ಮಡಿಲಲ್ಲಿ ಬಿಟ್ಟು ಪರರ ಮಕ್ಕಳನ್ನು ಸಾಕುವ ತಾಯಂದಿರೂ ಅವರಲ್ಲಿದ್ದಾರೆ. ಅವರ ಫೋನಿಗಾಗಿ ಸಂಜೆಯ ಹೊತ್ತು ಜಗಲಿಯಲ್ಲಿ ಕಾಯುವ ಮಗುವಿಗೆ, ನೂರೆಪ್ಪತ್ತು ವರ್ಷಗಳ ಹಿಂದೆ ಬಾಸೆಲಿನ ಮಕ್ಕಳ ಮನೆಯಲ್ಲಿ ಮಂಗಳೂರಿನ ಅಂಚೆಗಾಗಿ ಕಾದ ಮಗುವಿನ ಮನಸ್ಸು ಅಪರಿಚಿತವಾಗಿರಲಾರದು. ಲೋಕದ ಸೇವೆ ದೊಡ್ಡದು, ನಿಜ. ಅದರ ಲೆಕ್ಕಪುಸ್ತಕದಲ್ಲಿ ಆ ಪುಟ್ಟ ಕಾಯುವಿಕೆಗೂ ಒಂದು ಸಾಲು ಇರಬೇಕು.