ಪಾಯಸದ ನಸುಗೆಂಪು

ಅಂಬಲಪುಳದ ಪಾಲ್ ಪಾಯಸವನ್ನು ಮೊದಲ ಸಲ ಕಂಡವರು, ಇದಕ್ಕೆ ಬಣ್ಣ ಹಾಕಿದ್ದಾರೆಯೇ ಎಂದು ಕೇಳುವುದುಂಟು. ಕೇರಳದ ಆಲಪ್ಪುಳ ಜಿಲ್ಲೆಯ ಆ ಶ್ರೀಕೃಷ್ಣ ದೇವಸ್ಥಾನದಲ್ಲಿ ದೊಡ್ಡ ಪಾತ್ರೆಗೆ ಬೀಳುವುದು ಹಾಲು, ನೀರು, ಅಕ್ಕಿ, ಸಕ್ಕರೆ. ಕೇಸರಿಯ ಒಂದು ಎಸಳೂ ಇಲ್ಲ. ಆದರೂ ಗಂಟೆಗಟ್ಟಲೆ ಕುದಿದು ಇಳಿಯುವ ಹೊತ್ತಿಗೆ ಪಾಯಸ ಎಳೆಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ.

ಸಕ್ಕರೆ ಕಂದಿ ಈ ಬಣ್ಣ ಬಂತೆಂದು ಊಹಿಸುವುದು ಸಹಜ. ಆದರೆ ಸಕ್ಕರೆ ಕಂದಲು 160 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಬೇಕು. ನೀರಿನಂಶ ತುಂಬಿದ ಪಾಯಸ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಬಣ್ಣ ಕಟ್ಟುವುದು ಹಾಲಿನೊಳಗೇ ಇರುವ ಇನ್ನೊಂದು ಸಕ್ಕರೆ, ಲ್ಯಾಕ್ಟೋಸ್. ಹಾಲಿನಲ್ಲಿ ಅದು ನೂರಕ್ಕೆ ಹೆಚ್ಚುಕಡಿಮೆ 5 ಪಾಲು. ಹಾಲಿನ ಪ್ರೋಟೀನಿನಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲದೊಡನೆ ಅದು ಬಿಸಿಯಲ್ಲಿ ಬೆಸೆದುಕೊಳ್ಳುತ್ತದೆ. ಆ ಬೆಸುಗೆ ಒಡೆದು, ಮತ್ತೆ ಕೂಡಿ, ಹತ್ತಾರು ಹೊಸ ಸಂಯುಕ್ತಗಳು ಹುಟ್ಟುತ್ತವೆ. ಕೆಲವು ಬಣ್ಣ ಕೊಟ್ಟರೆ ಕೆಲವು ಘಮ ಕೊಡುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮಿಲ್ ಮಯಾರ್ ಹೆಸರಿನಲ್ಲೇ ಇದು ಮಯಾರ್ ಕ್ರಿಯೆ ಎನಿಸಿಕೊಂಡಿದೆ.

ಧಾರವಾಡ ಪೇಡೆಯ ಕಂದು ಬಣ್ಣದ ಹಿಂದೆಯೂ ಇದೇ ಕ್ರಿಯೆಯ ಕೈವಾಡವಿದೆ. ಖೋವಾ ಹುರಿಯುತ್ತಾ ಹೋದಂತೆ ನೀರು ಆರಿ ಶಾಖ ಏರುತ್ತದೆ, ಬಣ್ಣ ಗಾಢವಾಗುತ್ತದೆ. ಪಾಯಸದಲ್ಲಿ ನೀರು ಶಾಖವನ್ನು ಹಿಡಿದು ನಿಲ್ಲಿಸುವುದರಿಂದ ಬಣ್ಣ ಮೊದಲ ಮೆಟ್ಟಿಲಲ್ಲೇ ಉಳಿಯುತ್ತದೆ. ಈ ನಿಧಾನವೇ ಅದರ ಚೆಲುವು. ಹಾಲು, ಅಕ್ಕಿ, ಸಕ್ಕರೆಯನ್ನು ಕುಕ್ಕರಿಗೆ ಹಾಕಿ ಸಣ್ಣ ಉರಿಯಲ್ಲಿಟ್ಟು ಮನೆಯಲ್ಲೂ ನಸುಗೆಂಪು ಪಾಯಸ ಮಾಡುವವರಿದ್ದಾರೆ. ಒತ್ತಡದಿಂದಾಗಿ ಒಳಗಿನ ಶಾಖ 120 ಡಿಗ್ರಿ ಸಮೀಪಿಸುತ್ತದೆ, ಗಂಟೆಗಳ ಕೆಲಸ ಬೇಗ ಮುಗಿಯುತ್ತದೆ. ಬಣ್ಣ ಬರುತ್ತದೆ, ನಿಜ. ಆದರೆ ಮುಚ್ಚಿದ ಕುಕ್ಕರಿನಲ್ಲಿ ನೀರು ಆವಿಯಾಗಿ ಹೋಗುವುದು ಕಡಿಮೆ. ಬತ್ತಿದ ಹಾಲಿನ ಆ ಸಾಂದ್ರ ರುಚಿಗೆ ತೆರೆದ ಪಾತ್ರೆಯೇ ಬೇಕು ಎಂಬುದು ನನ್ನ ಅಭಿಪ್ರಾಯ.

ಪಾಯಸ ಮಂದವಾಗುವುದು ಅಕ್ಕಿಯಿಂದ. 60ರಿಂದ 80 ಡಿಗ್ರಿಯೊಳಗೆ ಅಕ್ಕಿಯ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಳಗಿನ ಅಮೈಲೋಸ್ ಎಂಬ ಉದ್ದನೆಯ ಸರಪಳಿಗಳು ಹೊರಗೆ ಸೋರಿ ಹಾಲಿಗೆ ಗಂಜಿಯ ಹದ ತರುತ್ತವೆ. ಆರಿದಂತೆ ಅವು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಒಲೆಯ ಮೇಲೆ ಸರಿಯಿದ್ದ ಪಾಯಸ ಎಲೆಗೆ ಬಡಿಸುವಾಗ ಗಟ್ಟಿಯಾಗುವುದು ಹಾಗೆ. ಅಕ್ಕಿ ಬೆಂದ ಮೇಲೆಯೇ ಸಕ್ಕರೆ ಹಾಕು ಎಂದು ನಮ್ಮಮ್ಮ ಹೇಳುತ್ತಿದ್ದರು. ಸಕ್ಕರೆ ತಾನೇ ನೀರನ್ನು ಹಿಡಿದುಕೊಳ್ಳುತ್ತದೆ, ಪಿಷ್ಟಕ್ಕೆ ಉಬ್ಬಲು ನೀರು ಸಾಲದೆ ಕಾಳು ಬೇಯಲು ತಡವಾಗುತ್ತದೆ. ಬೆಲ್ಲವನ್ನಂತೂ ಪಾತ್ರೆ ಇಳಿಸಿ, ತುಸು ಆರಿದ ಮೇಲೆ ಹಾಕಬೇಕು. ಬೆಲ್ಲದಲ್ಲಿ ಸ್ವಲ್ಪ ಹುಳಿಯಂಶವೂ ಲವಣಗಳೂ ಇವೆ. ಕುದಿಯುವ ಹಾಲಿನಲ್ಲಿ ಅಷ್ಟು ಸಾಕು, ಕೇಸೀನ್ ಪ್ರೋಟೀನಿನ ಕಣಗಳು ಒಂದಕ್ಕೊಂದು ಅಂಟಿ ಹಾಲು ಒಡೆಯುತ್ತದೆ. ಏಲಕ್ಕಿ ಕೊನೆಗೆ ಬೀಳುವುದು ಅದರ ಪರಿಮಳದ ತೈಲ ಆವಿಯಾಗಿ ಹೋಗದಿರಲೆಂದು.

ಇಷ್ಟು ಹೊತ್ತಿನ ಕುದಿತಕ್ಕೂ ಸಾಯದ್ದೊಂದಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಉಗುರುಬೆಚ್ಚಗಿನ ಪಾಯಸದಲ್ಲಿ ಅವು ಮೊಳೆತು, ವಾಂತಿ ತರಿಸುವ ವಿಷವನ್ನು ಉಂಟುಮಾಡಬಲ್ಲವು. ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಹಬ್ಬದೂಟದ ನಂತರ ಉಳಿದ ಪಾಯಸವನ್ನು ಸಂಜೆಯವರೆಗೆ ಕಟ್ಟೆಯ ಮೇಲೆ ಬಿಡಬೇಡಿ. ಅಗಲದ ಪಾತ್ರೆಗೆ ಸುರಿದು ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ.